ಡಾಲ್ಗ್ಲಿಷ್ ಓಡಿಹೋಗಲಿಲ್ಲ

ಸ್ಕಾಟ್ಲೆಂಡಿನ ಫುಟ್‌ಬಾಲ್ ಮ್ಯಾನೇಜರ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಅಲೆಕ್ಸ್ ಫರ್ಗ್ಯೂಸನ್ ಹೆಸರು. ಬರಲಿ ಬಿಡಿ. ಆದರೆ ಅದೇ ಗ್ಲಾಸ್ಗೋದ ಇನ್ನೊಬ್ಬ ಸ್ಟ್ರೈಕರ್ ಕೆನ್ನಿ ಡಾಲ್ಗ್ಲಿಷ್ ವಿಷಯ ಎತ್ತಿದರೆ ಯಾರಾದರೊಬ್ಬರು ಕೊಂಕು ತೆಗೀತಾರೆ: "1991ರಲ್ಲಿ ಲಿವರ್‌ಪೂಲ್ ಮೊದಲ ಸ್ಥಾನದಲ್ಲಿದ್ದಾಗಲೇ ಬಿಟ್ಟು ಓಡಿಹೋದನಲ್ಲ!" ಈ ಮಾತು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಆಟಗಾರನಾಗಿ ಆತ ಎಂಥವನು ಅನ್ನೋದರಲ್ಲಿ ತಕರಾರಿಲ್ಲ. ಸೆಲ್ಟಿಕ್‌ಗೆ 167 ಗೋಲು, 1977ರಲ್ಲಿ 4,40,000 ಪೌಂಡಿಗೆ ಬಂದ ಮೇಲೆ ಲಿವರ್‌ಪೂಲ್‌ಗೆ 172, ಸ್ಕಾಟ್ಲೆಂಡ್ ಪರ 102 ಪಂದ್ಯಗಳಲ್ಲಿ 30. ಬರೀ ಗೋಲು ಹೊಡೆಯುವವನೂ ಅಲ್ಲ. ಎದುರಾಳಿಗೆ ಬೆನ್ನು ಕೊಟ್ಟು ನಿಂತು, ಚೆಂಡು ತಡೆದು, ಪಕ್ಕದವನಿಗೆ ದಾರಿ ಮಾಡಿಕೊಡುತ್ತಿದ್ದ. ಇಯಾನ್ ರಷ್ ಹೊಡೆದ ಎಷ್ಟೋ ಗೋಲುಗಳಲ್ಲಿ ಅರ್ಧ ಪಾಲು ಇವನದ್ದೇ.

1985ರಲ್ಲಿ, ಹೇಸೆಲ್‌ನಲ್ಲಿ 39 ಜನ ಸತ್ತ ಬೆನ್ನಲ್ಲೇ, 34ನೇ ವಯಸ್ಸಿಗೆ, ಇನ್ನೂ ಆಡುತ್ತಿರುವಾಗಲೇ ಮ್ಯಾನೇಜರ್ ಆದ. ಮೊದಲ ವರ್ಷವೇ ಲೀಗ್, ಎಫ್.ಎ. ಕಪ್ ಎರಡೂ. ಲೀಗ್ ಗೆಲ್ಲಿಸಿದ ಗೋಲು ಹೊಡೆದಿದ್ದು ಸ್ವತಃ ಮ್ಯಾನೇಜರ್ರೇ, ಚೆಲ್ಸಿ ಮೈದಾನದಲ್ಲಿ!

ಆಮೇಲೆ ಬಂತು 1989ರ ಏಪ್ರಿಲ್ 15. ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಿಂದ ಕೊನೆಗೆ ಜೀವ ಹೋದದ್ದು 97 ಜನಕ್ಕೆ. ಪೊಲೀಸರು ತಪ್ಪನ್ನು ಅಭಿಮಾನಿಗಳ ತಲೆಗೇ ಕಟ್ಟಿದರು. ಅದು ಸುಳ್ಳು, ಆ ಸಾವುಗಳು ಕಾನೂನುಬಾಹಿರ ಹತ್ಯೆ ಅಂತ ಜ್ಯೂರಿ ಹೇಳುವಾಗ 2016 ಬಂದಿತ್ತು. ಆ ವಸಂತದಲ್ಲಿ ಡಾಲ್ಗ್ಲಿಷ್ ಮತ್ತು ಹೆಂಡತಿ ಮರೀನಾ ಅಂತ್ಯಕ್ರಿಯೆಯಿಂದ ಅಂತ್ಯಕ್ರಿಯೆಗೆ ಹೋದರು. ಒಂದೇ ದಿನ ನಾಲ್ಕು. ಸತ್ತವರ ಮನೆಯವರ ಜೊತೆ ಕೂತರು. ಫುಟ್‌ಬಾಲ್ ಮ್ಯಾನೇಜರ್ ಕೆಲಸದ ಪಟ್ಟಿಯಲ್ಲಿ ಇದೆಲ್ಲ ಎಲ್ಲಿರುತ್ತೆ ಹೇಳಿ? ಅದೇ ಮನುಷ್ಯ 1971ರಲ್ಲಿ 66 ಜನ ಸತ್ತ ಐಬ್ರಾಕ್ಸ್‌ನಲ್ಲೂ ಇದ್ದ, ಹೇಸೆಲ್‌ನಲ್ಲೂ ಇದ್ದ.

ಅಷ್ಟಾದ ಮೇಲೂ ಆ ಮೇ ತಿಂಗಳಲ್ಲಿ ಎಫ್.ಎ. ಕಪ್ ಗೆದ್ದ, 1990ರಲ್ಲಿ ಲೀಗ್ ಗೆದ್ದ. (ಅದಾದ ಮೇಲೆ ಲಿವರ್‌ಪೂಲ್ ಮತ್ತೆ ಲೀಗ್ ಗೆಲ್ಲೋಕೆ 2020ರವರೆಗೆ ಕಾಯಬೇಕಾಯ್ತು.) ಆದರೆ ಒಳಗಿನ ಭಾರ ಇಳಿದಿರಲಿಲ್ಲ. ಮೈಮೇಲೆ ದದ್ದು ಏಳುತ್ತಿದ್ದವು. ಎವರ್ಟನ್ ಜೊತೆಗಿನ 4-4 ಪಂದ್ಯದಲ್ಲಿ ಏನು ಮಾಡಬೇಕು ಅಂತ ಗೊತ್ತಿದ್ದರೂ ಮಾಡೋಕಾಗಲಿಲ್ಲ ಅಂತ ಆಮೇಲೆ ಆತನೇ ಹೇಳಿಕೊಂಡಿದ್ದಾನೆ. ಎರಡೇ ದಿನಕ್ಕೆ ರಾಜೀನಾಮೆ. ಕಾಲು ಮುರಿದವನು ಮೈದಾನ ಬಿಟ್ಟರೆ ನಾವು ಓಡಿಹೋದ ಅಂತೀವಾ? ಮನಸ್ಸಿಗೆ ಪೆಟ್ಟಾದವನಿಗೆ ಮಾತ್ರ ಯಾಕೆ ಬೇರೆ ಲೆಕ್ಕ?

ಎಂಟು ತಿಂಗಳಲ್ಲಿ ಬ್ಲ್ಯಾಕ್‌ಬರ್ನ್‌ಗೆ ಹೋದ, ಅದೂ ಎರಡನೇ ಡಿವಿಜನ್ನಿನಲ್ಲಿದ್ದ ತಂಡ. ಜ್ಯಾಕ್ ವಾಕರ್ ದುಡ್ಡು ಸುರಿದ ಅನ್ನೋದು ನಿಜ, ಆದರೂ 1995ರಲ್ಲಿ ಫರ್ಗ್ಯೂಸನ್‌ನ ಯುನೈಟೆಡ್‌ ಅನ್ನು ಹಿಂದಿಕ್ಕಿ ಲೀಗ್ ಗೆದ್ದರು. ಹೆದರಿ ಓಡಿದವನು ಇದಕ್ಕೆಲ್ಲ ಕೈ ಹಾಕ್ತಾನಾ?

ಆತನ ಎಲ್ಲವನ್ನೂ ನಾನು ಸಮರ್ಥಿಸ್ತಿಲ್ಲ. 2011ರಲ್ಲಿ ಲಿವರ್‌ಪೂಲ್‌ಗೆ ವಾಪಸಾದ ಮೇಲೆ, ಜನಾಂಗೀಯ ನಿಂದನೆಗಾಗಿ ಎಂಟು ಪಂದ್ಯ ನಿಷೇಧಕ್ಕೊಳಗಾದ ಸುವಾರೆಜ್ ಪರ ತಂಡವೆಲ್ಲ ಟೀ ಶರ್ಟ್ ಹಾಕಿಕೊಂಡು ಬಂತಲ್ಲ, ಅದು ಅಸಹ್ಯ. ಬೈಯಲೇಬೇಕು ಅಂತಿದ್ದರೆ ಅದಕ್ಕೆ ಬೈಯಿರಿ, ನಾನೂ ಜೊತೆಗೂಡ್ತೀನಿ. 1991ರ ತಂಟೆಗೆ ಮಾತ್ರ ಬರಬೇಡಿ.