ಗೊರಕೆ: ವೈದ್ಯರಲ್ಲಿ ಹೇಳಲು ಸಂಕೋಚವೇಕೆ?

ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆಗೆ ಉದ್ದನೆಯ ಸಾಲು. ಗೊರಕೆಯ ಮಾತು ಮಾತ್ರ ಪ್ರವಾಸದ ಬಸ್ಸಿನ ತಮಾಷೆಗಷ್ಟೇ ಮೀಸಲು. ಹೆಂಗಸರಂತೂ ನಾಚಿಕೆಯಿಂದ ಬಾಯಿಬಿಡುವುದೇ ಇಲ್ಲ.

ಎಲ್ಲ ಗೊರಕೆಯೂ ರೋಗವಲ್ಲ, ನಿಜ. ಆದರೆ ನಡುವೆ ಉಸಿರು ನಿಂತು, ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಗಂಟಲಿನಲ್ಲಿ ಉಸಿರಿನ ದಾರಿ ಮುಚ್ಚಿ 10 ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಉಸಿರು ಕಟ್ಟುತ್ತದೆ. ರಕ್ತದೊತ್ತಡ ಮಾತ್ರೆಗೂ ಬಗ್ಗದಿರಲು ಇದೂ ಒಂದು ಕಾರಣ. 8 ತಾಸು ಮಲಗಿಯೂ ಲೋಕಲ್ ಟ್ರೈನಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ತೂಕಡಿಸುವವರೆಲ್ಲ ಸೋಮಾರಿಗಳಲ್ಲ.

ಮಲಗಿದವರಿಗೆ ತಮ್ಮ ಗೊರಕೆ ತಿಳಿಯದು. ವೈದ್ಯರಲ್ಲಿಗೆ ಮನೆಯವರನ್ನೂ ಕರೆದೊಯ್ಯಿರಿ, ನಿದ್ರೆಯ ಪರೀಕ್ಷೆ ಬೇಕೇ ಎಂದು ಕೇಳಿ. ಮುಂದಿನ ಶಿಬಿರದ ಫಾರ್ಮಿನಲ್ಲಿ 'ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ?' ಎಂಬ ಪ್ರಶ್ನೆಯೊಂದನ್ನು ಸಂಘಗಳು ಸೇರಿಸಲಿ. ಉತ್ತರವನ್ನು ಮನೆಯವರೇ ಬರೆಯಲಿ.