ಮಂಜುಗಡ್ಡೆಯ ಮೇಲೇರುವ ಹಡಗು

ಸಾಂಬ್ರಾದಲ್ಲಿ ವಿಮಾನ ಏರುವುದನ್ನು ನೋಡುತ್ತ ಬೆಳೆದ ಮಗು, ‘ಅಂಟಾರ್ಕ್ಟಿಕಕ್ಕೂ ವಿಮಾನದಲ್ಲೇ ಹೋಗಬಹುದಲ್ಲ, ಹಡಗು ಯಾಕೆ?’ ಎಂದು ಕೇಳಿದರೆ ಅಪ್ಪ-ಅಮ್ಮ ಗದರಬೇಕಿಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ವಿಜ್ಞಾನಿಗಳಲ್ಲಿ ಅನೇಕರು ಈಗ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಿಂದ ಹಾರಿ ನೇರ ಹಿಮದ ಮೇಲೆಯೇ ಇಳಿಯುತ್ತಾರೆ. ಆದರೆ ವರ್ಷಕ್ಕಾಗುವಷ್ಟು ಡೀಸೆಲ್, ಅಕ್ಕಿ-ಬೇಳೆ, ಯಂತ್ರಗಳ ಬಿಡಿಭಾಗ? ಅವಕ್ಕೆ ಹಡಗೇ ಗತಿ. ಅದೂ ಅಲ್ಲಿನ ಬೇಸಿಗೆಯಲ್ಲಿ ಮಾತ್ರ. ಅಂದರೆ ಬೆಳಗಾವಿಯವರು ಸ್ವೆಟರ್ ಹುಡುಕುವ ಡಿಸೆಂಬರ್, ಜನವರಿಯ ಆಸುಪಾಸಿನಲ್ಲಿ.

ಈ ಕಥೆ ಬೆಳಗಾವಿ ಸೀಮೆಗೆ ತೀರ ದೂರದ್ದೂ ಅಲ್ಲ. ಖಾನಾಪುರ, ಲೋಂಡಾ ದಾಟಿ ಘಟ್ಟ ಇಳಿಯುವ ರೈಲು ಕೊನೆಗೆ ತಲುಪುವ ವಾಸ್ಕೋದಲ್ಲೇ ನಮ್ಮ ದೇಶದ ಧ್ರುವ ಸಂಶೋಧನಾ ಕೇಂದ್ರವಿದೆ. ಡಾ. ಎಸ್.ಜೆಡ್. ಖಾಸಿಂ ನೇತೃತ್ವದ 21 ಜನರ ಮೊದಲ ತಂಡ 1981ರ ಡಿಸೆಂಬರ್ 6ರಂದು ಹೊರಟದ್ದೂ ಗೋವೆಯಿಂದಲೇ. ಹಡಗು ‘ಪೋಲಾರ್ ಸರ್ಕಲ್’. ನಾರ್ವೆಯಿಂದ ಬಾಡಿಗೆಗೆ ತಂದದ್ದು. ಅಂಟಾರ್ಕ್ಟಿಕದ ಮೇಲೆ ಕಾಲಿಟ್ಟದ್ದು ಜನವರಿ 9ರಂದು.

ಹಿಮ ಒಡೆಯುವ ಹಡಗು ಎಂದೊಡನೆ, ಚೂಪು ಮೂತಿಯಿಂದ ಕೊಡಲಿಯಂತೆ ಸೀಳುತ್ತದೆ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಅದರ ಮೂತಿ ಇಳಿಜಾರಾಗಿರುತ್ತದೆ. ಎಂಜಿನ್ನಿನ ಬಲದಿಂದ ಹಡಗು ಹಿಮದ ಹಾಸಿನ ಮೇಲೆ ಹತ್ತುತ್ತದೆ. ಹತ್ತಿದ್ದೇ ತಡ, ಸಾವಿರಾರು ಟನ್ ಭಾರಕ್ಕೆ ಹಾಸು ಲಟಕ್ಕನೆ ಮುರಿಯುತ್ತದೆ, ಹಪ್ಪಳದ ಮೇಲೆ ಅಂಗೈ ಊರಿದಂತೆ. ಮುರಿಯದಿದ್ದರೆ ಹಿಂದೆ ಸರಿದು ಮತ್ತೆ ಏರಬೇಕು. ಸುತ್ತಲ ಹಿಮದ ಒತ್ತಡಕ್ಕೆ ನಜ್ಜುಗುಜ್ಜಾಗದಿರಲೆಂದು ಹೊಟ್ಟೆಯನ್ನು ದುಂಡಗೆ ಕಟ್ಟುತ್ತಾರೆ. ತೆರೆದ ಕಡಲಿನಲ್ಲಿ ಈ ದುಂಡು ಹೊಟ್ಟೆಯೇ ತೊಟ್ಟಿಲಿನಂತೆ ತೂಗಾಡಿ ಒಳಗಿದ್ದವರಿಗೆ ವಾಂತಿ ಬರಿಸುತ್ತದೆ!

ಧ್ರುವಕ್ಕೆ ಹೋಗುವ ಹಡಗುಗಳೆಲ್ಲ ಇಂಥವಲ್ಲ. ದಪ್ಪ ಉಕ್ಕಿನ ಮೈಯ ಸರಕು ಹಡಗುಗಳೂ ಹೋಗುತ್ತವೆ. ತೆಳು ಹಿಮ ಅವಕ್ಕೆ ಲೆಕ್ಕವಿಲ್ಲ, ದಪ್ಪ ಹಿಮ ಬಂದರೆ ಕಷ್ಟ. ರಷ್ಯದ ವಿಜ್ಞಾನಿಗಳನ್ನು ಕರೆತರುತ್ತಿದ್ದ ‘ಮ್ಯಾಗ್ದಲೀನಾ ಓಲ್ಡೆಂಡಾರ್ಫ್’ 2002ರ ಜೂನ್‌ನಲ್ಲಿ ಹಾಗೆಯೇ ಸಿಕ್ಕಿಬಿತ್ತು. ದಕ್ಷಿಣ ಆಫ್ರಿಕದ ‘ಅಗುಲ್ಹಾಸ್’ ಹಡಗು ಸಾಧ್ಯವಿದ್ದಷ್ಟು ಹತ್ತಿರ ಹೋಗಿ, ಹೆಲಿಕಾಪ್ಟರ್ ಹಾರಿಸಿ ಬಹುಪಾಲು ಜನರನ್ನು ಬಿಡಿಸಿತು. ಕೆಲವರು ಮಾತ್ರ ಹಡಗಿನಲ್ಲೇ ಉಳಿದು ಚಳಿಗಾಲ ಕಳೆದರು.

ಭಾರತದ ‘ಮೈತ್ರಿ’ 1989ರದು, ‘ಭಾರತಿ’ 2012ರದು. ಭಾರತಿ ಕಡಲ ದಡದಲ್ಲಿದೆ. ಮೈತ್ರಿಯ ಪಾಡು ಬೇರೆ: ಹಡಗು ನಿಂತ ಹಿಮದಂಚಿನಿಂದ ಸುಮಾರು 100 ಕಿ.ಮೀ. ಒಳಗೆ ಸಾಮಾನನ್ನೆಲ್ಲ ಜಾರುಬಂಡಿಗೆ ಹೇರಿ ಎಳೆಯಬೇಕು. ಡೀಸೆಲ್ ಮುಗಿದರೆ ಜನರೇಟರ್ ನಿಲ್ಲುತ್ತದೆ. ಜನರೇಟರ್ ನಿಂತರೆ ಬೆಳಕು, ಬಿಸಿ, ಕುಡಿಯುವ ನೀರು ಎಲ್ಲವೂ ನಿಲ್ಲುತ್ತವೆ. ಇಷ್ಟಾದರೂ ನಾಲ್ಕು ದಶಕಗಳಿಂದ ನಮ್ಮದು ಬಾಡಿಗೆ ಹಡಗಿನ ಸಂಸಾರ. ಸ್ವಂತದ್ದಕ್ಕೆ 2014ರಲ್ಲೇ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು, ಹಡಗು ಮಾತ್ರ ಬರಲಿಲ್ಲ. 2025ರ ಜೂನ್‌ನಲ್ಲಿ ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆ ನಾರ್ವೆಯ ಕಂಪನಿಯೊಂದರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದೆ.

ಹಾಂ, ಅಲ್ಲಿಗೆ ಹೋಗುವವರೆಲ್ಲ ಪಿಎಚ್‌.ಡಿ. ಮಾಡಿದವರೇ ಅಲ್ಲ. ಡೀಸೆಲ್ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ಅಡುಗೆಯವರು, ಡಾಕ್ಟರು ಎಲ್ಲರೂ ಬೇಕು. ಅರ್ಜಿ ಕರೆಯುವುದು ವಾಸ್ಕೋದ ಕೇಂದ್ರವೇ. ಕಟ್ಟುನಿಟ್ಟಾದ ವೈದ್ಯಕೀಯ ತಪಾಸಣೆ ಇರುತ್ತದೆ. ಹಿಮದಲ್ಲಿ ನಡೆಯುವ ಪಾಠ ಹಿಮಾಲಯದ ಔಲಿಯಲ್ಲಿ.