ನೊರೆ ಕೆಂಪಾದರೆ

ನಾನಾಗ ಬಿ.ಡಿ.ಎಸ್. ಕೊನೆಯ ವರ್ಷದಲ್ಲಿದ್ದೆ. ರಜೆಗೆ ಊರಿಗೆ ಬಂದರೂ ಪರೀಕ್ಷೆಯ ಚಿಂತೆ. ಒಸಡಿನ ಕಾಯಿಲೆಗೆ ಕಾರಣಗಳೇನು, ಲಕ್ಷಣಗಳೇನು, ಚಿಕಿತ್ಸೆ ಏನು ಎಂದು ಜಗಲಿಯ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಅಮ್ಮ, “ಮಗಾ, ಉಗುಳಿದರೆ ರಕ್ತ ಬರ್ತದಲ್ಲೋ” ಎಂದಳು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. “ಬ್ರಶ್ ಒರಟಿರಬೇಕು, ಮೆಲ್ಲಗೆ ಉಜ್ಜಮ್ಮ” ಎಂದೆ. ಅಮ್ಮ ರಕ್ತ ಬರುವ ಜಾಗವನ್ನು ಉಜ್ಜುವುದನ್ನೇ ಬಿಟ್ಟಳು. ನೋವಿರಲಿಲ್ಲ, ಮಾತು ಅಲ್ಲಿಗೇ ನಿಂತಿತು.

ನಾಲ್ಕು ವರ್ಷಗಳ ನಂತರ ಅಮ್ಮ ನನ್ನದೇ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತಿದ್ದಳು. ಕೆಳಗಿನ ಎರಡು ಮುಂದಿನ ಹಲ್ಲುಗಳು ನಾಲಿಗೆ ತಾಗಿದರೂ ಅಲ್ಲಾಡುತ್ತಿದ್ದವು. ಆರೋಗ್ಯವಾದ ಬಾಯಿಯಲ್ಲಿ ಹಲ್ಲು ಮತ್ತು ಒಸಡಿನ ನಡುವಿನ ಸಂದು 1ರಿಂದ 3 ಮಿಲಿಮೀಟರ್ ಆಳವಿರುತ್ತದೆ. ಅಮ್ಮನದು 8 ಇತ್ತು. ಎಕ್ಸ್‌-ರೇ ನೋಡಿದರೆ ಹಲ್ಲು ಹಿಡಿದಿಡುವ ಮೂಳೆಯೇ ಕರಗಿತ್ತು. ಎರಡೂ ಹಲ್ಲು ಕೀಳಬೇಕಾಯಿತು. ಕಿತ್ತವನು ನಾನೇ.

ಆಗಿದ್ದಿಷ್ಟು. ಹಲ್ಲಿನ ಬುಡದಲ್ಲಿ ದಿನವೂ ಬ್ಯಾಕ್ಟೀರಿಯಾಗಳ ಮೆತ್ತನೆಯ ಪೊರೆ ಕಟ್ಟುತ್ತದೆ. ಅದೇ ಪ್ಲಾಕ್. ಉಜ್ಜಿದರೆ ಹೋಗುತ್ತದೆ, ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗಿ ಪಾಚಿ ಕಟ್ಟುತ್ತದೆ. ಆಮೇಲೆ ಬ್ರಶ್‌ಗೆ ಅದು ಜಗ್ಗುವುದಿಲ್ಲ. ಒಸಡು ಕೆಂಪಾಗಿ ಊದಿಕೊಂಡು, ಮುಟ್ಟಿದರೆ ರಕ್ತ ಒಸರುತ್ತದೆ. ಬಾಯಿ ವಾಸನೆ ಬರುತ್ತದೆ. ನಿಧಾನವಾಗಿ ಒಸಡು ಕೆಳಗಿಳಿದು ಹಲ್ಲು ಉದ್ದವಾದಂತೆ ಕಾಣುತ್ತದೆ.

1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಜೊತೆಗಾರರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಸಡು ಚೆನ್ನಾಗಿದ್ದ 12 ಜನ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ವಾಸಿಯಾಯಿತು. ಈ ಪ್ರಯೋಗದ ಬಗ್ಗೆ ನಾನು ಪರೀಕ್ಷೆಯಲ್ಲಿ ಪುಟ ತುಂಬ ಬರೆದವನು! ಒಸಡು ಊದಿರುವ ಹಂತದಲ್ಲಿ ಕಾಯಿಲೆ ಪೂರ್ತಿ ಗುಣವಾಗುತ್ತದೆ. ಮೂಳೆ ಕರಗಿದ ಮೇಲೆ ಅದನ್ನು ತಡೆಯಬಹುದು. ಹೋದ ಮೂಳೆ ತಾನಾಗಿ ಬೆಳೆಯುವುದಿಲ್ಲ.

ಚಿಕಿತ್ಸೆ ಸರಳ. ವೈದ್ಯರು ಪಾಚಿಯನ್ನು ಕೆರೆದು ತೆಗೆಯುತ್ತಾರೆ. ಸಂದು ಆಳವಾಗಿದ್ದರೆ ಬೇರಿನವರೆಗೂ ಶುಚಿ ಮಾಡುತ್ತಾರೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. “ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ” ಎಂಬ ಮಾತನ್ನು ನಂಬಬೇಡಿ. ಸಡಿಲ ಮಾಡುವುದು ಕಾಯಿಲೆ, ಕ್ಲೀನಿಂಗ್ ಅಲ್ಲ. ರಕ್ತ ಬರುವ ಜಾಗವನ್ನೂ ಮೃದುವಾದ ಬ್ರಶ್‌ನಿಂದ ದಿನಕ್ಕೆರಡು ಸಲ ಉಜ್ಜಲೇಬೇಕು. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಒಸಡಿನ ರಕ್ತ ಕಡಿಮೆ ಕಾಣುತ್ತದೆ. ಹಾಗಾಗಿ ಅವರಿಗೆ ಕಾಯಿಲೆಯ ಸುಳಿವೇ ಸಿಗದಿರಬಹುದು.

ಅಮ್ಮನ ಉಳಿದ ಹಲ್ಲುಗಳು ಇಂದಿಗೂ ಗಟ್ಟಿಯಾಗಿವೆ. ಚಕ್ಕುಲಿ ಕಡಿಯುತ್ತಾಳೆ.

ಮಕ್ಕಳೇ, ನಿಮಗೊಂದು ಕೆಲಸ. ನಾಳೆ ಬೆಳಿಗ್ಗೆ ಅಪ್ಪ, ಅಮ್ಮ, ಅಜ್ಜಿ ಹಲ್ಲುಜ್ಜಿ ಉಗುಳುವಾಗ ನೊರೆಯ ಬಣ್ಣ ನೋಡಿ. ಕೆಂಪಿದ್ದರೆ, “ಡಾಕ್ಟರ ಹತ್ತಿರ ಯಾವಾಗ ಹೋಗೋಣ?” ಎಂದು ಕೇಳಿ. ಅವರು ಹೊರಡುವ ತನಕ ಕೇಳುತ್ತಲೇ ಇರಿ. ನಾನು ಅಂದು ಕೇಳಲಿಲ್ಲ.